ಸಾವುಕಾರರ ಹೊಲದಲ್ಲಿ ಚುನಾವಣಾ ಸಮೀಕ್ಷೆ

ಗೆಳೆಯರೇ, ಸಂತೆಕಲ್ಲೂರಿನಲ್ಲಿ ಯಾರು ಗೆಲ್ಲುತ್ತಾರೆಂದು ನನ್ನನ್ನು ಮಾತ್ರ ಕೇಳಬೇಡಿ. ಚುನಾವಣಾ ಸಮೀಕ್ಷೆಗೆಂದು ಇವತ್ತು ಅಲ್ಲಿಗೇ ಹೋಗಿದ್ದೆ. ಬಸ್ಸಿಳಿದಲ್ಲೇ ಸಿಕ್ಕ ಸಾವುಕಾರರು ತಮ್ಮ ಬೈಕಿನಲ್ಲಿ ಹೊಲಕ್ಕೆ ಕರೆದೊಯ್ದು, ಚಹಾ ಕುಡಿಸಿ, ಕಳೆ ತೆಗೆಯುತ್ತಿದ್ದ ಹೆಂಗಸರನ್ನು ಕೂಗಿದರು. "ಬರ್ರಿಬೇ ಎಲ್ಲಾರೂ, ಮೇಡಮ್ಮೋರು ಕೇಳಿದ್ದಕ್ಕ ಖರೇ ಹೇಳ್ರಿ."

ಎಲ್ಲರ ಬಾಯಲ್ಲೂ ಒಂದೇ ಪಕ್ಷ. ಸಾವುಕಾರರ ಬೈಕಿಗೆ ಬಾವುಟ ಕಟ್ಟಿದ್ದ ಪಕ್ಷ.

ಅವರು ಫೋನ್ ಬಂತೆಂದು ಆಚೆ ಹೋದಾಗ, ಕೊನೆಗೆ ಉತ್ತರಿಸಿದ್ದ ಹನುಮವ್ವನನ್ನು ಮೆಲ್ಲಗೆ ಕೇಳಿದೆ. "ಯವ್ವಾ, ನಿನ್ನ ಮನಸಿನ್ಯಾಗಿಂದು ಹೇಳು. ನಾ ಯಾರ ಮುಂದೂ ಹೇಳಂಗಿಲ್ಲ."

ಆಕೆ ಕಳೆ ತೆಗೆಯುವ ಕುರ್ಚಿಗಿಯ ಮಣ್ಣು ಒರೆಸುತ್ತ ನನ್ನ ಮುಖ ನೋಡಿದಳು.

"ನೀವು ಅವರ ಗಾಡಿ ಮ್ಯಾಲ ಬಂದೀರಿ, ಅವರ ಚಹಾ ಕುಡಿದೀರಿ. ನಾವು ನಾಳೆನೂ ಅವರ ಹೊಲಕ್ಕ ಕೂಲಿಗೆ ಬರಬೇಕ್ರಿ. ಮನಸಿನ್ಯಾಗಿಂದು ಓಟು ಹಾಕೋ ದಿನಕ್ಕ ಇರ್ಲಿ ಬಿಡ್ರಿ."

ಸಂಜೆ ಲಿಂಗಸುಗೂರಿನ ಆಫೀಸಿನಲ್ಲಿ ನಮ್ಮ ಮೇಲ್ವಿಚಾರಕರು ನಾನು ತುಂಬಿ ತಂದ ಫಾರಂಗಳನ್ನು ನೋಡಿ ಹಿಗ್ಗಿದರು. "ಊರಿಗೂರೇ ಒಂದ್ಕಡಿ ಐತಲ್ರಿ!" ನಡೆದದ್ದನ್ನು ಹೇಳಿದೆ. "ಅದೆಲ್ಲಾ ಬರ್ಯಾಕ ಜಾಗ ಇಲ್ರಿ" ಎಂದು ಕಳಿಸಿಬಿಟ್ಟರು.

ನಾಳೆ ಟೀವಿಯವರು ಆ ಲೆಕ್ಕವನ್ನು ಜನಾಭಿಪ್ರಾಯ ಎನ್ನುತ್ತಾರೆ. ನಾನು ಕೇಳಿಸಿಕೊಂಡು ಬಂದದ್ದು ಸಾವುಕಾರರೊಬ್ಬರದೇ.