ಫಿರಂಗಿಗೆ ಕೈಮುಗಿದ ಮಧ್ಯಾಹ್ನ

ಆಗೆಲ್ಲ ನಮ್ಮ ಕೊಂಡ್ಲಹಳ್ಳಿಯವರು ದೇವರಿಲ್ಲದ ಊರಿಗೆ ಬಸ್ಸು ಮಾಡಿಕೊಂಡು ಹೋಗುತ್ತಿರಲಿಲ್ಲ. ಹೋದದ್ದು ಒಮ್ಮೆ, ಅದೂ ತಪ್ಪಿ. ತಮಿಳುನಾಡಿನ ಕಡೆ ಶನಿದೇವರ ದರ್ಶನ ಮುಗಿಸಿ ಬರುವಾಗ ಡ್ರೈವರು ಸಮುದ್ರ ತೋರಿಸುತ್ತೇನೆಂದು ಬಸ್ಸು ತಿರುಗಿಸಿದ. ಆ ಊರಿನ ಹೆಸರು ನನಗೆ ನೆನಪಿಲ್ಲ. ಡಚ್ಚರು ಕಟ್ಟಿದ್ದೋ ಡೇನರು ಕಟ್ಟಿದ್ದೋ, ಅದೂ ಗೊತ್ತಿಲ್ಲ. ಸುತ್ತ ಕೋಟೆಗೋಡೆ, ನಡುವೆ ಬಿಳಿ ಬಾಗಿಲು. ಅದರಲ್ಲಿ ಬಸ್ಸು ತೂರುತ್ತಿರಲಿಲ್ಲ, ನಡೆದೇ ಹೋಗಬೇಕಿತ್ತು.

ಅಜ್ಜಿಯ ತವರು ಹಟ್ಟಿಯಲ್ಲಿ ಊರಬಾಗಿಲು ದಾಟುವವರು ಚಪ್ಪಲಿ ಕಳಚಬೇಕು. ಒಳಗಿನ ದೇವರಿಗೆ ಕೈಮುಗಿಯದೆ ಹೊರಗೆ ಬರಬಾರದು. ಈ ಬಾಗಿಲು ಕಂಡದ್ದೇ ಅಜ್ಜಿ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಇಡೀ ಬಸ್ಸಿನವರೂ ಬಿಟ್ಟರು.

ಮಟಮಟ ಮಧ್ಯಾಹ್ನ. ಕಾಲಡಿಯ ಕಲ್ಲು ಕಾದ ಹೆಂಚಾಗಿತ್ತು. ಗಾಳಿಯಲ್ಲಿ ಒಣಮೀನಿನ ವಾಸನೆ, ನಮ್ಮ ಬಟ್ಟೆಗಳಲ್ಲಿ ಶೇಂಗಾ ಚಟ್ನಿಪುಡಿಯದು. ಬೀದಿಗಳು ಚೌಕಾಬಾರದ ಮನೆಗಳ ಹಾಗೆ. ಎಷ್ಟು ಸುತ್ತಿದರೂ ಅದೇ ಹಳದಿ ಗೋಡೆ, ಅದೇ ಹಸಿರು ಕಿಟಕಿ. ಗುಡಿ ಎಲ್ಲಿ ಎಂದು ಅಜ್ಜಿ ಕಂಡವರನ್ನೆಲ್ಲ ತನಗೆ ಬರುತ್ತಿದ್ದ ತೆಲುಗಿನಲ್ಲಿ ಕೇಳಿದಳು. ಅವರು ತಮಿಳಿನಲ್ಲಿ ಏನೋ ಹೇಳಿ ಚರ್ಚಿನ ಕಡೆ ಕೈ ತೋರಿಸಿದರು. ಅದಕ್ಕೆ ಬೀಗ. ಹೆಂಗಸರು ಗೋಡೆಯ ನೆರಳಿಗೆ ಅಂಟಿಕೊಂಡು ಗೊಣಗತೊಡಗಿದರು. ಇನ್ನು ಮೇಲೆ ಈ ಮುದುಕಿಯ ಮಾತು ಕೇಳುವುದಿಲ್ಲ ಎಂದಳೊಬ್ಬಳು.

"ನಿನ್ ದೇವ್ರು ಬಾಗ್ಲು ಹಾಕ್ಕೊಂಡು ಊರಿಗೆ ಹೋಗೈತೆ ಕಣವ್ವ, ನಡಿ ಹೋಗಾನ," ಅಂದ ಚಿಕ್ಕಪ್ಪ.

"ಇಷ್ಟು ಜನದ ಕೈಲಿ ಚಪ್ಲಿ ಬಿಡ್ಸೀನಿ. ಕೈಮುಗೀದೆ ಹೆಂಗ್ ಹೋಗ್ಲಿ?"

ಅಜ್ಜಿಯ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ನನಗಾಗ ಒಂಬತ್ತು ವರ್ಷ. ಮುಂದೆ ಓಡಿದೆ. ಬೀದಿಯ ತಿರುವಿನಲ್ಲಿ, ಬಾಯಿ ಕೆಳಗಾಗಿ ನೆಲದಲ್ಲಿ ಹೂತ ಒಂದು ತುಕ್ಕುಹಿಡಿದ ಫಿರಂಗಿ ಇತ್ತು. ಮೇಲೆ ಕಾಣುತ್ತಿದ್ದದ್ದು ಲಿಂಗದಂಥ ಗುಂಡನೆಯ ಹಿಂಭಾಗ ಮಾತ್ರ. ಫಿರಂಗಿಯೆಂದು ನನಗೆ ಗೊತ್ತಿತ್ತು. ಪಾಠದ ಚಿತ್ರದಲ್ಲಿ ನೋಡಿದ್ದೆ. ಆದರೂ ಕೂಗಿದೆ: "ಅಜ್ಜೀ, ದೇವ್ರು ಇಲ್ಲೈತೆ."

ಅಜ್ಜಿ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೈಮುಗಿದಳು. ಎಲ್ಲರೂ ಮುಗಿದರು, ಗೊಣಗಾಟ ನಿಂತಿತು. ವಾಪಸು ಬರುವಾಗ ಅವಳು ನನ್ನ ಕಿವಿಯಲ್ಲಿ ಹೇಳಿದಳು: "ಯಾರ್ಗೂ ಹೇಳ್ಬ್ಯಾಡ ಮಗಾ."

ಹೇಳಿದಳೇ? ಈಚೆಗೆ ಫೋನಿನಲ್ಲಿ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವನು ನಕ್ಕ. ನೀನು ಬಸ್ಸಿನಲ್ಲಿ ನಿದ್ದೆ ಹೋಗಿದ್ದೆಯಲ್ಲ, ಫಿರಂಗಿ ತೋರಿಸಿದವನು ನಾನು, ಅವ್ವ ಕಿವಿಯಲ್ಲಿ ಹೇಳಿದ್ದೂ ನನಗೇ ಅಂದ. ಸುಳ್ಳು ಹೇಳುವ ದನಿಯಲ್ಲ ಅದು. ನಾನೂ ಸುಳ್ಳು ಹೇಳುತ್ತಿರಲಿಲ್ಲ. ಅಜ್ಜಿ ಇದ್ದಿದ್ದರೆ ಕೇಳಬಹುದಿತ್ತು. ಅವಳು ಹೋಗಿ ಎಷ್ಟೋ ವರ್ಷಗಳಾದವು. ಅವಳೂ ನಾನೂ ಮಾತ್ರ ಬಲ್ಲ ಗುಟ್ಟೆಂದು ಅದನ್ನು ಇಷ್ಟು ಕಾಲ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಹೇಳಿದ ದಿನವೇ ಅದು ನನ್ನದಲ್ಲದಾಯಿತು.