ಮಳೆ ಕಾಣದ ಕೊಕ್ಕೆ

ಜರ್ಮನಿಯ ಈ ಊರಿಗೆ ಬಂದ ಮೊದಲ ದಿನ ಲ್ಯಾಬಿನಲ್ಲಿ ನನಗೆ ತೋರಿಸಿದ್ದು ಊಟದ ತಟ್ಟೆಯಷ್ಟಗಲದ ಒಂದು ಬಿಲ್ಲೆ. ಅದರ ಮೇಲೆ ಕಡಲೆಕಾಳಿನಂಥ ನೂರಾರು ಚುಕ್ಕೆಗಳು. ಒಂದೊಂದೂ ಜಗತ್ತಿನಲ್ಲಿ ಅದುವರೆಗೆ ಇಲ್ಲದಿದ್ದ ಮಿಶ್ರಲೋಹ. ಬೆಳಿಗ್ಗೆ ಒಂದು ಯಂತ್ರ ಬೆರೆಸಿದ್ದನ್ನು ಇನ್ನೊಂದು ಯಂತ್ರ ಚುಚ್ಚಿ ಗಟ್ಟಿತನ ನೋಡುತ್ತದೆ. ಗೆದ್ದವನ್ನು ಬೆರಳಗಲದ ತುಂಡುಗಳಾಗಿ ಮಾಡಿ ಎಳೆದು, ಸಂಜೆಯೊಳಗೆ ಪಾಸು-ಫೇಲು ಹೇಳುತ್ತಾರೆ. ಪಾಸಾದವುಗಳ ಪಟ್ಟಿಗೆ ಸಹಿ ಹಾಕುವುದು ನನ್ನ ಕೆಲಸ. ಮಾದಿಹಳ್ಳಿಯ ಕಮ್ಮಾರರ ಮನೆಯವಳಿಗೆ ಜಂಭ ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ನನ್ನನ್ನು ಸಾಕಿದ ಸೋದರಮಾವನ ಕುಲುಮೆಯಲ್ಲಿ ಈ ಅವಸರವಿಲ್ಲ. ಕುಡುಗೋಲು ಮಾಡಿ ಮುಗಿಸಿದ ಮೇಲೂ ಸೂರಿನಂಚಿಗೆ ತೂಗುಹಾಕುತ್ತಾರೆ. ಒಂದು ಮಳೆಗಾಲ ನೆನೆದು ಒಣಗಿಯೂ ತಾಳಿದ ಮೇಲೇ ಅದು ಗಿರಾಕಿಯ ಕೈಗೆ. ಎಷ್ಟೋ ಜನ ಬೈದುಕೊಂಡು ಅರಸೀಕೆರೆಯ ಅಂಗಡಿಗೆ ಹೋಗುತ್ತಾರೆ. ಆಮೆಗೂ ನಿಮಗೂ ಪಂದ್ಯ ಇಟ್ಟರೆ ಆಮೆಯೇ ಗೆಲ್ಲುವುದು ಎಂದು ನಾನೂ ಛೇಡಿಸಿದ್ದುಂಟು.

ಇಲ್ಲಿ ಬಾಡಿಗೆ ಮನೆ ಸಿಗಲು ಮೂರು ತಿಂಗಳು ಹಿಡಿಯಿತು. ಮನೆಯೊಡತಿಯ ಮೊದಲ ಪಾಠ 'ಲ್ಯೂಫ್ಟನ್'. ಎಂಥ ಚಳಿಯಲ್ಲೂ ದಿನಾ ಕಿಟಕಿ ತೆರೆದು ಗಾಳಿಯಾಡಿಸುವುದು. ನನ್ನ ಹುಳಿಯ ಹಬೆಗೆ ಗೋಡೆ ಬೂಸಲು ಹಿಡಿಯುತ್ತದೆಂದು ಅವಳಿಗೆ ಭಯ. ಕುಕ್ಕರ್ ಕೂಗಿದರೆ ಯಾರೋ ಕರೆದಂತಾಗುವಷ್ಟು ಒಂಟಿತನ ನನಗೆ. ಒಂದು ದಿನ ಅವಳೇ ಪುದೀನದ ಕುಂಡ ತಂದುಕೊಟ್ಟಾಗ ಊರು ಗೆದ್ದಷ್ಟು ಖುಷಿಯಾಯಿತು. ಪಾಸಾದ ಲೋಹದ ಮಿಕ್ಕ ತುಂಡೊಂದನ್ನು ಕೊಕ್ಕೆಯಾಗಿ ಬಗ್ಗಿಸಿ ಕುಂಡವನ್ನು ಅಡುಗೆಮನೆಯ ಕಿಟಕಿಗೆ ತೂಗುಹಾಕಿದೆ.

ಏಪ್ರಿಲ್‌ನಲ್ಲಿ ರಜೆಗೆ ಮಾದಿಹಳ್ಳಿಗೆ ಹೋದಾಗ ಅದೇ ಲೋಹದ ಇನ್ನೊಂದು ತುಂಡನ್ನು ಲ್ಯಾಬಿನಲ್ಲಿ ಕೇಳಿ ಪಡೆದು ಒಯ್ದಿದ್ದೆ. ಮಾವನ ಮಗ ಲೋಕೇಶ ತೆಂಗಿನಮರ ಹತ್ತುವವನು. ಅವನ ಸೊಂಟದ ಬೆಲ್ಟಿಗೆ ಕೊಕ್ಕೆ ಮಾಡಿಕೊಡಿ, ಕಾಯಿಸದೆ ಹಾಗೇ ಬಗ್ಗಿಸಿ ಎಂದೆ. ಮಾವ ಬಗ್ಗಿಸಿ ಸೂರಿನ ಕಡೆ ಹೊರಟರು. ನನಗೆ ರೇಗಿತು.

"ಯಂತ್ರವೇ ಪಾಸು ಮಾಡೈತೆ ಮಾವ. ಇವತ್ತೇ ಕೊಟ್ಬಿಡಿ."

ಅವರು ಕೊಕ್ಕೆಯನ್ನು ಹೆಗಲ ಟವೆಲಿಗೆ ಸುತ್ತಿಕೊಂಡು ಮತ್ತೆ ಕುಲುಮೆಯ ಮುಂದೆ ಕೂತರು.

ಆಗಸ್ಟ್‌ನ ಒಂದು ಬೆಳಿಗ್ಗೆ ನನ್ನ ಪುದೀನದ ಕುಂಡ ನೆಲದ ಮೇಲೆ ಚೂರಾಗಿತ್ತು. ಕೊಕ್ಕೆ ಸವೆದಿರಲಿಲ್ಲ, ಬಾಗಿದ ಜಾಗದಲ್ಲಿ ಗಾಜಿನ ಬಳೆಯಂತೆ ತುಂಡಾಗಿತ್ತು. ಹಬೆಯ ತೇವಕ್ಕೆ ತಿಂಗಳುಗಟ್ಟಲೆ ಒಳಗೊಳಗೇ ಬಿರುಕು ಬೆಳೆದಿತ್ತು. ಸಂಜೆಯೊಳಗೆ ತೀರ್ಪು ಕೊಡುವ ಯಂತ್ರಕ್ಕೆ ಅದು ಕಾಣುವ ಹಾಗೇ ಇರಲಿಲ್ಲ.

ಲೋಕೇಶನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಾವ ಎತ್ತಿದರು.

"ಹುಲಿಕೆರೆ ತೋಟದಲ್ಲಿ ಮರದ ಮೇಲವ್ನೆ ಕಣವ್ವ."

ಕೊಕ್ಕೆ ಏನಾಯಿತು ಎಂದು ಕೇಳಿದೆ.

"ಅದಾ? ಸೂರಲ್ಲೇ ಮುರ್ಕೊಂಡು ಬಿತ್ತು. ಅವನ್ಗೆ ಕೊಟ್ಟೇ ಇರ್ಲಿಲ್ಲ, ಹಳೇದೇ ಹಾಕ್ಕೊಂಡವ್ನೆ. ನಿಂಗೆ ಬೇಜಾರಾಯ್ತದೆ ಅಂತ ಹೇಳ್ಲಿಲ್ಲ."

ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮುರಿದ ತುಂಡನ್ನು ಲ್ಯಾಬಿನ ಮುಖ್ಯಸ್ಥರ ಮುಂದಿಟ್ಟೆ. ಮುಂದಿನ ಸಲದಿಂದ ಹೆಚ್ಚು ದಿನದ ಪರೀಕ್ಷೆ ಸೇರಿಸೋಣ ಎಂದರು. ಆ ಪಟ್ಟಿಯ ಲೋಹ ಆಗಲೇ ಕಾರ್ಖಾನೆ ಸೇರಿದೆಯಂತೆ, ಬೋಲ್ಟಾಗಿ ಎಲ್ಲೆಲ್ಲಿಗೆ ಹೋಗಿದೆಯೋ ಅವರಿಗೂ ಗೊತ್ತಿಲ್ಲ. ಅದರ ಬಳಕೆ ನಿಲ್ಲಿಸಿ ಎಂದು ಕೇಳುತ್ತಿದ್ದಂತೆ ಐದು ಗಂಟೆಯಾಯಿತು. 'ಫೈರಾಬೆಂಡ್' ಎಂದು ಎದ್ದರು. ದಿನದ ಕೆಲಸ ಮುಗಿಯಿತು, ಇನ್ನು ಅದರ ಮಾತು ಬೇಡ ಎಂದರ್ಥ. ಕಾರ್ಖಾನೆಗೆ ನಾನೇ ಬರೆದೆ. ಉತ್ತರ ಬಂದಿಲ್ಲ.

ಈಗ ಟ್ರಾಮ್ ಸೇತುವೆ ದಾಟುವಾಗ ಕಣ್ಣು ಬೋಲ್ಟುಗಳನ್ನೇ ಹುಡುಕುತ್ತದೆ. ಬಂದ್ಬಿಡವ್ವ ಎನ್ನುತ್ತಾರೆ ಮಾವ. ಆ ಸೂರಿನಡಿ ನಿದ್ದೆ ಬರುತ್ತದೆ, ನಿಜ. ಆದರೆ ನನ್ನ ಸಹಿ ಇಲ್ಲಿದೆ. ಅದನ್ನು ಬಿಟ್ಟು ಬರಲಾರೆ, ಇಲ್ಲಿಯವಳೂ ಆಗಲಾರೆ.

ಅದೇ ಪಟ್ಟಿಯ ಉಳಿದ ಲೋಹಗಳನ್ನೂ ಬಗ್ಗಿಸಿ ಕಿಟಕಿಯುದ್ದಕ್ಕೂ ತೂಗುಹಾಕಿದ್ದೇನೆ. ಇದೇನು ಎಂದು ಮನೆಯೊಡತಿ ಕೇಳಿದಳು. ನಮ್ಮ ಮನೆಯ ಪದ್ಧತಿ ಎಂದೆ. ನಿನ್ನೆ ಬೆಳಿಗ್ಗೆ ಗಾಳಿಯಾಡಿಸಲು ಹೋದಾಗ ಇನ್ನೂ ಎರಡು ಮುರಿದು ಬಿದ್ದಿದ್ದವು.