ಜೆಲ್ಮಾಳ ಪರವಾಗಿ ನಾವು

ದೋಣಿಕಟ್ಟೆಯ ಬಳಿ ಮೀನು ಹೆಚ್ಚುವ ಜೆಲ್ಮಾಳಿಗೆ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ಅವಳಿಗೆ ನಲವತ್ತೊಂದು, ನನಗೂ ಅಷ್ಟೇ. ಅವಳ ಬಾಳು ಹಾಳು ಮಾಡಿದ್ದು ಸರ್ಕಾರ ಎಂದು ಊರಿನವರು ಬೈಯುತ್ತಾರೆ. ಸುಳ್ಳು. ಮಾಡಿದ್ದು ನಾವು, ಐದನೇ ತರಗತಿಯ ಹತ್ತೊಂಬತ್ತು ಮಕ್ಕಳು.

ಮೊದಲು ಅವಳು ಅಜ್ಜಿ ತಾಂತಿ ಮರ್ಲ್ ಜೊತೆ ಮೆಟ್ಟಿಲ ಮೇಲೆ ತೊಗರಿಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕಲಿಯಬೇಕೆಂಬ ನಿಯಮ ಬಂದಾಗ ನಮ್ಮ ಟೀಚರ್ ಮಿಸ್ ಆವ್ರಿಲ್ ಅವಳನ್ನು ಕರೆತಂದು ನನ್ನ ಪಕ್ಕ ಕೂರಿಸಿದರು. ಎರಡೇ ವರ್ಷದಲ್ಲಿ ನಾವೆಲ್ಲ ಸೇರಿ ಒಂದು ಕೈಭಾಷೆ ಕಟ್ಟಿಕೊಂಡೆವು. ಲೆಕ್ಕದಲ್ಲಿ ಅವಳೇ ಮುಂದು, ನಾನು ಶತದಡ್ಡಿ.

ಆಮೇಲೆ ದೊಡ್ಡ ದ್ವೀಪದಿಂದ ಅವಳನ್ನು ಪರೀಕ್ಷಿಸಲು ಒಬ್ಬ ಮೇಡಂ ಬಂದರು. ಪಾಸಾದರೆ ಜೆಲ್ಮಾ ನಮ್ಮ ಜೊತೆಗೇ ಇರುತ್ತಾಳೆ, ಇಲ್ಲದಿದ್ದರೆ ಸಮುದ್ರದಾಚೆಯ ಕಿವುಡರ ಹಾಸ್ಟೆಲಿಗೆ.

ಗ್ರೆನಡೀನ್ಸ್ ದ್ವೀಪಮಾಲೆಯ ನಮ್ಮ ಈ ಅಂಗೈಯಗಲದ ದ್ವೀಪದಲ್ಲಿ ಒಂದು ರೂಢಿಯಿದೆ. ಸರ್ಕಾರದ ಬೋಟಿನಿಂದ ಇಳಿದವರು ಯಾರನ್ನು ಏನೇ ಕೇಳಲಿ, ಅವರನ್ನು ಒಂಟಿಯಾಗಿ ಉತ್ತರಿಸಲು ಬಿಡುವುದಿಲ್ಲ. ನಿನ್ನ ವಯಸ್ಸೆಷ್ಟು ಎಂದರೂ ನಾಲ್ಕು ಜನ ಬಾಯಿ ಹಾಕುತ್ತಾರೆ. ಸುಮ್ಮನೆ ನಿಂತವನನ್ನು ದ್ರೋಹಿ ಅನ್ನುತ್ತಾರೆ.

ಮೇಡಂ ಎತ್ತಿ ತೋರಿಸಿದ ಮೊದಲ ಚೀಟಿಯಲ್ಲಿ ಏಳೆಂಟಲ ಎಷ್ಟು ಎಂದಿತ್ತು. ಐವತ್ತಾರು ಎನ್ನಲು ಜೆಲ್ಮಾ ಕೈ ಎತ್ತುವಷ್ಟರಲ್ಲಿ, ಮೇಡಂ ಬೆನ್ನ ಹಿಂದಿನಿಂದ ನಾನು ಬೆರಳುಗಳಲ್ಲಿ ಐವತ್ತನಾಲ್ಕು ಎಂದು ತೋರಿಸಿದೆ. ನನ್ನನ್ನು ನೋಡಿ ಉಳಿದವರೂ ಹಾಗೇ ತೋರಿಸಿದರು. ಜೆಲ್ಮಾಳ ಕೈ ಅರ್ಧಕ್ಕೇ ನಿಂತಿತು. ನಮ್ಮನ್ನೆಲ್ಲ ಒಮ್ಮೆ ನೋಡಿ ಅವಳೂ ಐವತ್ತನಾಲ್ಕು ಎಂದು ತೋರಿಸಿದಳು. ಮೇಡಂ ಹಿಂತಿರುಗಿ ನಮ್ಮ ಕೈಗಳನ್ನು ನೋಡಿದರು.

“ಮಕ್ಕಳನ್ನ ಹೊರಗೆ ಕಳಿಸ್ತೀನಿ ಮೇಡಂ, ಇನ್ನೊಂದ್ಸಲ ಕೇಳಿ,” ಎಂದು ಮಿಸ್ ಆವ್ರಿಲ್ ಗೋಗರೆದರು.

“ನನ್ನ ಬೋಟು ಮೂರಕ್ಕಿದೆ. ನಕಲು ಹೊಡೆದ್ರೂ ತಪ್ಪೇ ಹೇಳ್ತಾಳಲ್ರೀ,” ಎಂದು ಮೇಡಂ ಫೈಲು ಮುಚ್ಚಿದರು.

ಹೊರಗೆ ಕಾಯುತ್ತಿದ್ದ ತಾಂತಿ ಮರ್ಲ್‌ಗೆ ನಾವು ನೆರವಾದದ್ದಷ್ಟೇ ಗೊತ್ತು. ನಮಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದಳು. “ತಿನ್ನಿ ಮಕ್ಳಾ. ನೀವಿಲ್ದಿದ್ರೆ ನನ್ ಕೂಸು ಒಬ್ಳೇ ಆಗೋಗ್ತಿದ್ಳು.” ನಾನು ಎರಡು ತಿಂದೆ.

ಎಂಟು ದಿನಕ್ಕೆ ಕಾಗದ ಬಂತು. ಬೋಟು ಹತ್ತಿಸುವಾಗ ಜೆಲ್ಮಾ ನನ್ನ ಫ್ರಾಕು ಬಿಡಲೇ ಇಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನೇ.

ಹನ್ನೊಂದು ವರ್ಷದ ಮೇಲೆ ವಾಪಸು ಬಂದಾಗ ಅಜ್ಜಿ ಇರಲಿಲ್ಲ. ನಮ್ಮ ಕೈಭಾಷೆಯನ್ನು ನಾವು ಮರೆತಿದ್ದೆವು, ಅವಳು ಅಲ್ಲಿ ಕಲಿತದ್ದು ಇಲ್ಲಿ ಯಾರಿಗೂ ಬಾರದು. ಮೀನಿಗಾದರೆ ಯಾವ ಭಾಷೆಯೂ ಬೇಕಿಲ್ಲ.

ಈಗ ಅದೇ ತರಗತಿಗೆ ನಾನು ಟೀಚರು. ಈ ವರ್ಷ ಕಿವಿ ಕೇಳಿಸದ ಅವಳಿ ಹುಡುಗಿಯರು ಸೇರಿದ್ದಾರೆ. “ಜೆಲ್ಮಾನ ಕೇಳಿ ನೋಡ್ರೀ, ಕೈಭಾಷೆ ಕಲಿಸ್ತಾಳೇನೋ. ಸಂಬಳ ಕೊಡ್ಸೋಣ,” ಎಂದರು ಹೆಡ್‌ಮೇಡಂ. ನಾನು ದೋಣಿಕಟ್ಟೆಗೆ ಹೋಗಿ ಚೀಟಿಯಲ್ಲಿ ಬರೆದು ಕೇಳಿದೆ. ಅವಳು ಕೈ ಒರೆಸಿಕೊಂಡು ಅದರ ಹಿಂದೆಯೇ ಬರೆದಳು: ‘ದಿನಾ ಬರ್ತೀನಿ. ನಾನಿರುವಾಗ ನೀನು ಆ ಕೋಣೆಯಲ್ಲಿ ಇರಬಾರದು.’

ನನ್ನ ಮಕ್ಕಳ ಮುಂದೆ ನನ್ನನ್ನೇ ಹೊರಗೆ ಹಾಕುತ್ತಾಳಂತೆ. ಮೈಯೆಲ್ಲ ಉರಿಯಿತು. ಅವಳು ನೋಡುತ್ತಿರುವಾಗಲೇ ಚೀಟಿಯನ್ನು ಮೀನಿನ ಕರುಳಿನ ಬಕೆಟ್ಟಿಗೆ ಎಸೆದೆ.

“ಏನಂದ್ಲು?” ಎಂದು ಶಾಲೆಯಲ್ಲಿ ಹೆಡ್‌ಮೇಡಂ ಕೇಳಿದರು.

“ಅವಳಿಗೆ ಇಷ್ಟ ಇಲ್ವಂತೆ,” ಎಂದೆ.